ಬೀಗ ಹಾಕಿದ ದೀಪ

ಎಂಜಿನಿಯರ್ ಆನ್ಸೆಲ್ಮ್ ಕೂರ್ಬಿಯೆರ್ ಲಾ ವೆರ್ನಾದ್ ಗಣಿಗೆ ಬಂದಾಗ ಅವನಿಗೆ ಇಪ್ಪತ್ತಾರು ವರ್ಷ. ಅಲ್ಲಿ ಕೆಲಸಕ್ಕಿದ್ದ ಬೆನ್ವಾತ್ ಎಂಬವಳಿಗೂ ಇಪ್ಪತ್ತಾರೇ. ಅವನು ಪ್ಯಾರಿಸಿನ ದೊಡ್ಡ ಶಾಲೆಯಲ್ಲಿ ಭೂಮಿಯ ಹೊಟ್ಟೆಯ ನಕ್ಷೆ ಓದಿ ಬಂದಿದ್ದ. ಅವಳು ಹನ್ನೊಂದನೇ ವಯಸ್ಸಿನಿಂದ ಆ ಹೊಟ್ಟೆಯೊಳಗಿನಿಂದ ಬಂದದ್ದನ್ನು ಆರಿಸುತ್ತಿದ್ದಳು.

ಗಣಿಗೆ ಇಳಿಯುವ ಬಾವಿಯ ಬಾಯಿಯ ಪಕ್ಕದಲ್ಲಿ ಉದ್ದನೆಯ ತಗಡಿನ ಚಪ್ಪರ. ಅದರಡಿ ನಲವತ್ತು ಹೆಂಗಸರು. ಅವರ ಮುಂದೆ ಕಬ್ಬಿಣದ ಪಟ್ಟಿ ಸರಿಯುತ್ತಾ ಹೋಗುತ್ತದೆ. ಪಟ್ಟಿಯ ಮೇಲೆ ಇದ್ದಲು, ಇದ್ದಲಿನ ನಡುವೆ ಕಲ್ಲು. ಕಲ್ಲನ್ನು ಹೆಕ್ಕಿ ಬೆನ್ನ ಹಿಂದಿನ ತೊಟ್ಟಿಗೆ ಎಸೆಯಬೇಕು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಇದೇ. ಚಳಿಗಾಲದಲ್ಲಿ ಇದ್ದಲಿಗೆ ಮಂಜುಗಡ್ಡೆ ಹತ್ತಿರುತ್ತದೆ. ಮೊದಮೊದಲು ಉಗುರಿನ ಸಂದಿಯಿಂದ ರಕ್ತ ಬರುತ್ತದೆ. ಆಮೇಲೆ ಅದೂ ನಿಲ್ಲುತ್ತದೆ. ಬೆರಳು ಸತ್ತುಹೋಗುತ್ತವೆ. ಸತ್ತ ಬೆರಳೇ ಒಳ್ಳೆಯದು, ಕೆಲಸ ಕೆಡುವುದಿಲ್ಲ ಎಂದು ಹಳೆಯ ಹೆಂಗಸರು ಹೇಳುತ್ತಿದ್ದರು.

ಮೊದಲ ದಿನ ಕೂರ್ಬಿಯೆರ್ ಚಪ್ಪರದೊಳಗೆ ಬಂದಾಗ ಒಬ್ಬಳು ಗಟ್ಟಿಯಾಗಿಯೇ ಅಂದಳು. "ನೋಡ್ರೇ, ಬಾಯಿ ಮೇಲಿನ ಹಾಲು ಇನ್ನೂ ಆರಿಲ್ಲ. ಇವ್ನು ನಮ್ಗೆ ಗಣಿ ಕಲಿಸ್ತಾನಂತೆ."

ಅವನ ಕಿವಿ ಕೆಂಪಾಯಿತು. ಆದರೆ ಯಾರಿಗೂ ದಂಡ ಹಾಕಲಿಲ್ಲ. ಹಾಗಾಗಿ ಹೆಂಗಸರಿಗೆ ಅವನ ಮೇಲೆ ದ್ವೇಷ ಹುಟ್ಟಲಿಲ್ಲ.

ಬೆನ್ವಾತ್‌ಳ ಗಂಡ ಪೆತ್ರುಸ್ ಫಾವೆರ್ಜೊನ್‌ಗಂತೂ ಅವನನ್ನು ಕಂಡರೆ ಇಷ್ಟ. "ಹಿಂದಿನ ಎಂಜಿನಿಯರ್ ಬೂಟಿಗೆ ಮಸಿ ಹತ್ತಿದ್ದು ನಾನು ನೋಡೇ ಇಲ್ಲ. ಇವ್ನು ನಮ್ ಜೊತೆ ಹೊಟ್ಟೆ ಮೇಲೆ ತೆವಳ್ತಾನೆ ಕಣೇ. ನಮ್ ಡಬ್ಬಿಯಿಂದಾನೇ ಕೊಬ್ಬಿನ ತುಂಡು ತಗೊಂಡು ತಿಂದ," ಎಂದು ಮನೆಗೆ ಬಂದು ಹೇಳುತ್ತಿದ್ದ.

ಪೆತ್ರುಸ್‌ನದು ಕೆಟ್ಟಗಾಳಿ ನೋಡುವ ಕೆಲಸ. ಇದ್ದಲಿನ ಬಿರುಕುಗಳಿಂದ ಒಸರುವ ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಕಿಡಿ ತಾಗಿದರೆ ಸುರಂಗವೇ ಕುಲುಮೆ. ಎಲ್ಲರಿಗಿಂತ ಮೊದಲು ಅವನು ಇಳಿಯಬೇಕು. ದೀಪದ ಬತ್ತಿ ಸಣ್ಣ ಮಾಡಿ, ಸುರಂಗದ ನೆತ್ತಿಗೆ ಹಿಡಿದು, ಜ್ವಾಲೆಯ ಮೇಲೆ ನೀಲಿ ಟೊಪ್ಪಿ ಏಳುತ್ತದೆಯೇ ಎಂದು ನೋಡಬೇಕು. ನೀಲಿ ಎಷ್ಟು ಉದ್ದವೋ ಸಾವು ಅಷ್ಟು ಹತ್ತಿರ. ದೀಪದ ಸುತ್ತ ತಂತಿಯ ಜಾಲರಿ, ಬುಡಕ್ಕೆ ಸೀಸದ ಬೀಗ. ದೀಪದ ಮನೆಯಲ್ಲಿ ಬೀಗ ಒತ್ತಿ ಕೊಡುತ್ತಾರೆ, ಮೇಲೆ ಬಂದ ಮೇಲೆ ಅಲ್ಲೇ ಕತ್ತರಿಸುತ್ತಾರೆ. ಕೆಳಗೆ ತೆರೆಯಬೇಕೆಂದರೆ ಒಡೆಯಬೇಕು. ಪೆತ್ರುಸ್ ಹೊಗೆಸೊಪ್ಪು ಸೇದುತ್ತಿರಲಿಲ್ಲ. ಎದೆ ಕೆಟ್ಟಿತ್ತು, ಒಂದು ದಮ್ಮು ಎಳೆದರೆ ಅರ್ಧ ಗಂಟೆ ಕೆಮ್ಮು. ಅದಕ್ಕೇ ಅಗಿಯುತ್ತಿದ್ದ. ಮನೆಯ ಹೊಸ್ತಿಲಿನ ಪಕ್ಕದಲ್ಲಿ ಅವನು ಉಗುಳಿ ಉಗುಳಿ ಗೋಡೆ ಕಂದಾಗಿತ್ತು. ಅದಕ್ಕಾಗಿ ಬೆನ್ವಾತ್ ವಾರಕ್ಕೊಮ್ಮೆ ಜಗಳ ತೆಗೆಯುತ್ತಿದ್ದಳು.

ಕೂರ್ಬಿಯೆರ್ ಬಂದು ಮೂರು ವರ್ಷವಾಗಿತ್ತು. ಒಂದು ಬುಧವಾರ ಸಂಜೆ ಪೆತ್ರುಸ್ ಸೂಪಿನ ಬಟ್ಟಲನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದ.

"ಏನಾಯ್ತು?" ಎಂದು ಬೆನ್ವಾತ್ ಕೇಳಿದಳು.

"ಹದಿನಾಲ್ಕನೇ ಸುರಂಗದಲ್ಲಿ ನೀಲಿ ಬೆರಳುದ್ದ ಎದ್ದಿದೆ. ಮೂರು ದಿನದಿಂದ."

"ಎಂಜಿನಿಯರ್‌ಗೆ ಹೇಳ್ದ್ಯಾ?"

"ಹೇಳ್ದೆ. ಅಲ್ಲಿ ಮದ್ದು ಹಾರಿಸ್ಬೇಡಿ ಸಾಹೇಬ್ರೇ, ಜನ ಆಚೆ ತೆಗೀರಿ ಅಂದೆ. ಅವ್ರು ನಕ್ಷೆ ನೋಡಿದ್ರು. ಹೊಸ ಗಾಳಿಯಂತ್ರ ಇನ್ನು ಎರಡು ವಾರಕ್ಕೆ ಬರುತ್ತೆ ಫಾವೆರ್ಜೊನ್, ಅಲ್ಲೀವರೆಗೂ ಗಾಳಿ ಬರೋ ಬಾಗಿಲು ತೆರೆದಿಡಿಸು, ಕೆಲಸ ನಡೀಲಿ ಅಂದ್ರು. ತಿಂಗಳ ಕೊನೇಲಿ ಪಾಲುದಾರರು ಬರ್ತಾರಂತೆ."

"ನಾಳೆ ನೀನು ಹೋಗ್ಬೇಡ."

ಪೆತ್ರುಸ್ ನಕ್ಕ. "ನೋಡೋನೇ ಹೋಗ್ದಿದ್ರೆ ಮಿಕ್ಕೋರ್ಗೆ ಯಾರೇ ಹೇಳೋದು?"

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಬೆನ್ವಾತ್‌ಳ ಕಾಲಡಿಯ ಹಲಗೆ ಒಮ್ಮೆ ಮೇಲೆದ್ದು ಕೂತಿತು. ಶಬ್ದ ಆಮೇಲೆ ಬಂತು. ಬಾವಿಯ ಬಾಯಿಂದ ಕಪ್ಪು ಹೊಗೆ ಎದ್ದಿತು. ಅದರೊಂದಿಗೆ ಯಾರದೋ ಟೊಪ್ಪಿ ಹಾರಿ ಬಂದು ಚಪ್ಪರದ ಮೇಲೆ ಬಿತ್ತು. ಪಟ್ಟಿ ನಿಂತಿತು. ನಲವತ್ತು ಹೆಂಗಸರೂ ಓಡಿದರು. ಬೆನ್ವಾತ್ ಓಡಲಿಲ್ಲ. ಅವಳ ಕೈಯಲ್ಲಿ ಒಂದು ಕಲ್ಲಿತ್ತು. ಅದನ್ನು ತೊಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ನಡೆದುಕೊಂಡು ಹೋದಳು. ಆಗ ಸತ್ತದ್ದು ಬೆರಳುಗಳಷ್ಟೇ ಅಲ್ಲ ಎಂದು ಅವಳಿಗೆ ಬಹಳ ದಿನದ ಮೇಲೆ ಗೊತ್ತಾಯಿತು.

ಅರವತ್ತಮೂರು ಜನ ಸತ್ತರು.

ನಿಜವನ್ನು ನಿಜವೆಂದೇ ಹೇಳಬೇಕು. ಕೂರ್ಬಿಯೆರ್ ಹೆದರಲಿಲ್ಲ. ಹೊಗೆ ಏಳುತ್ತಿದ್ದಾಗಲೇ ಜನರನ್ನು ಕೆಳಗಿಳಿಸುವ ಮೊದಲ ಕೇಜಿನಲ್ಲೇ ಇಳಿದ. ನಾಲ್ಕು ಜನರನ್ನು ಜೀವಂತ ಎಳೆದು ತಂದ. ಉರಿಯುತ್ತಿದ್ದ ತೊಲೆಯನ್ನು ಬರಿಗೈಯಲ್ಲಿ ಎತ್ತಿ ಎಡಗೈ ಸುಟ್ಟುಕೊಂಡ. ಪತ್ರಿಕೆಗಳಲ್ಲಿ ಅವನ ಚಿತ್ರ ಬಂತು, ಕೈಗೆ ಬಿಳಿ ಪಟ್ಟಿ ಕಟ್ಟಿಕೊಂಡು ನಿಂತಿರುವ ಚಿತ್ರ.

ಹೆಣಗಳನ್ನು ಬಡಗಿಯ ಕೊಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿದರು. ಮುಖದಿಂದ ಯಾರನ್ನೂ ಗುರುತಿಸುವ ಹಾಗಿರಲಿಲ್ಲ. ಬೆನ್ವಾತ್ ಪೆತ್ರುಸ್‌ನ ಪ್ಯಾಂಟಿನ ಮಂಡಿಗೆ ತಾನೇ ಹಾಕಿದ್ದ ತೇಪೆ ನೋಡಿ ಗುರುತಿಸಿದಳು. ಚರ್ಮ ಕೈಗೆ ಬರುತ್ತಿತ್ತು. ನಿಧಾನವಾಗಿ ತೊಳೆದಳು. ಜೇಬಿನಲ್ಲಿ ಅಗಿಯುವ ಹೊಗೆಸೊಪ್ಪಿನ ತಗಡಿನ ಡಬ್ಬಿ ಇತ್ತು. ಶಾಖಕ್ಕೆ ಸೊಟ್ಟಗಾಗಿತ್ತು. ಅದನ್ನು ತೆಗೆದುಕೊಳ್ಳಲು ಕೈ ಚಾಚಿದಾಗ ಕಾವಲಿನ ಪೊಲೀಸಿನವನು, "ಬಿಡಮ್ಮ, ಎಲ್ಲಾ ತನಿಖೆಗೆ ಹೋಗ್ಬೇಕು," ಅಂದ. ಅವಳು ಬಿಟ್ಟಳು.

ಆರು ವಾರದ ಮೇಲೆ ವರದಿ ಬಂತು. ಬರೆದವನು ಕೂರ್ಬಿಯೆರ್. ಪಾದ್ರಿ ಅದನ್ನು ಚರ್ಚಿನ ಮೆಟ್ಟಿಲ ಮೇಲೆ ನಿಂತು ಓದಿದ. ಕೆಟ್ಟಗಾಳಿ ನೋಡುವ ಪೆತ್ರುಸ್ ಫಾವೆರ್ಜೊನ್ ಎಂಬ ಕೆಲಸಗಾರನು ಚಿಲುಮೆ ಹಚ್ಚಿಕೊಳ್ಳುವ ಸಲುವಾಗಿ ದೀಪದ ಬೀಗ ಮುರಿದು ತೆರೆದಿದ್ದಾನೆ. ಅವನ ಹೆಣದ ಪಕ್ಕದಲ್ಲಿ ತೆರೆದ ದೀಪವೂ ಚಿಲುಮೆಯೂ ಸಿಕ್ಕಿವೆ. ಗಾಳಿಯ ವ್ಯವಸ್ಥೆಯಲ್ಲಿ ಯಾವ ದೋಷವೂ ಇರಲಿಲ್ಲ.

"ಅವ್ನು ಸೇದ್ತಿರ್ಲಿಲ್ಲ," ಅಂದಳು ಬೆನ್ವಾತ್.

ಯಾರೂ ತಿರುಗಿ ನೋಡಲಿಲ್ಲ. ಅವಳು ಇನ್ನೊಮ್ಮೆ ಅಂದಳು. "ಅವ್ನು ಅಗೀತಿದ್ದ. ನಿಮ್ಗೆಲ್ಲಾ ಗೊತ್ತು."

ಆಗ ಪೆತ್ರುಸ್‌ನ ಸ್ವಂತ ತಂಗಿ ಪಿಯೆರೆತ್ ಮುಂದೆ ಬಂದಳು. ಅವಳ ಗಂಡ ಬಾರ್ತೆಲ್ಮಿಯೂ ಅದೇ ಸುರಂಗದಲ್ಲಿ ಸತ್ತಿದ್ದ. ಇಬ್ಬರೂ ಒಂದೇ ಬಾವಿಯ ನೀರು ಸೇದಿದವರು, ಒಂದೇ ಒಲೆಯ ರೊಟ್ಟಿ ಹಂಚಿಕೊಂಡವರು.

"ಬಾಯಿ ಮುಚ್ಚು ಅತ್ಗೆ," ಎಂದು ಅವಳ ಮುಖಕ್ಕೆ ಉಗಿದಳು. "ಒಂದು ದಮ್ಮಿಗೋಸ್ಕರ ನನ್ ಗಂಡನ್ನ ಸುಟ್ಟಾಕ್ದ ನಿನ್ ಗಂಡ. ಅವ್ನು ನನ್ ಅಣ್ಣ ಅಲ್ಲ."

ಬೆನ್ವಾತ್ ಉಗುಳನ್ನು ಒರೆಸಿಕೊಳ್ಳಲಿಲ್ಲ. ಅದು ತಾನಾಗಿಯೇ ಒಣಗಿತು.

ಕಂಪನಿಯ ಮೇಲೆ ಸಿಟ್ಟು ಮಾಡಿಕೊಂಡರೆ ಅನ್ನ ಹೋಗುತ್ತದೆ. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡರೆ ಏನೂ ಹೋಗುವುದಿಲ್ಲ. ಊರು ಎರಡನೆಯದನ್ನು ಆರಿಸಿಕೊಂಡಿತು. ಅರವತ್ತೆರಡು ಜನರಿಗೆ ಒಂದೇ ಕಡೆ ಮಣ್ಣಾಯಿತು. ಪೆತ್ರುಸ್‌ನನ್ನು ಸ್ಮಶಾನದ ಗೋಡೆಯ ಬದಿಯಲ್ಲಿ, ಗಂಟೆ ಬಾರಿಸದೆ ಹೂತರು. ಕಂಪನಿಯ ಮನೆಯನ್ನು ಎಂಟು ದಿನದಲ್ಲಿ ಬಿಡಿಸಿದರು. ಬೆನ್ವಾತ್ ಐದು ವರ್ಷದ ಮಗಳು ಮೆಲಾನಿಯನ್ನು ಕರೆದುಕೊಂಡು, ಕಲ್ಲುಗುಡ್ಡದ ಬುಡದಲ್ಲಿದ್ದ ಹಳೆಯ ಕುದುರೆ ಲಾಯ ಸೇರಿದಳು. ವಿಧವೆಯರಿಗೆ ಸಿಕ್ಕ ಪರಿಹಾರ ಅವಳಿಗೆ ಸಿಗಲಿಲ್ಲ. ಕೆಲಸ ಮಾತ್ರ ಬಿಡಿಸಲಿಲ್ಲ. ಅವಳಷ್ಟು ಚುರುಕಿನ ಕೈ ಇನ್ನೊಂದು ಇರಲಿಲ್ಲ.

ಚಪ್ಪರದಲ್ಲಿ ಅವಳ ಅತ್ತ ಒಂದು ಮಾರು, ಇತ್ತ ಒಂದು ಮಾರು ಜಾಗ ಖಾಲಿ ಉಳಿಯಿತು. ಪಿಯೆರೆತ್‌ಳೂ ಗಂಡ ಹೋದ ಮೇಲೆ ಆರಿಸಲು ಬಂದು ಸೇರಿದಳು. ಚಪ್ಪರದ ಆ ಕೊನೆಯಲ್ಲಿ ನಿಂತಳು. ವರ್ಷಗಟ್ಟಲೆ ಇಬ್ಬರೂ ಒಂದೇ ಪಟ್ಟಿಯ ಮುಂದೆ ನಿಂತರು. ಈಕೆಯ ಕೈ ತಪ್ಪಿದ ಕಲ್ಲು ಆಕೆಯ ಕೈಗೆ ಹೋಗುತ್ತಿತ್ತು. ಮಾತು ಮಾತ್ರ ಹೋಗುತ್ತಿರಲಿಲ್ಲ.

ಗಣಿಯಲ್ಲಿ ಒಂದು ಹೊಸ ಬೈಗುಳ ಹುಟ್ಟಿತು. ಯಾರಾದರೂ ತೊಲೆ ಸೊಟ್ಟಗೆ ನಿಲ್ಲಿಸಿದರೆ, ಬಂಡಿ ಹಳಿ ತಪ್ಪಿಸಿದರೆ, "ಥೂ, ಫಾವೆರ್ಜೊನ್ ನನ್ಮಗನೇ" ಎನ್ನುತ್ತಿದ್ದರು. ಪೆತ್ರುಸ್‌ನನ್ನು ನೋಡಿಯೇ ಇಲ್ಲದವರೂ ಎನ್ನುತ್ತಿದ್ದರು. ಮೆಲಾನಿ ಹದಿನೈದಕ್ಕೆ ಪಟ್ಟಣಕ್ಕೆ ಹೋಗಿ ರಿಬ್ಬನ್ ನೇಯುವ ಕಾರ್ಖಾನೆ ಸೇರಿದಳು. ಮದುವೆಯಾದ ದಿನ, "ಅಂತೂ ಬೇರೆ ಹೆಸ್ರು ಬಂತವ್ವಾ," ಅಂದಳು.

ಕೂರ್ಬಿಯೆರ್ ಅಷ್ಟರಲ್ಲಿ ಬಹಳ ಎತ್ತರ ಹೋಗಿದ್ದ. ಆ ವರದಿ ಪ್ಯಾರಿಸಿನ ಗಣಿವಿದ್ಯೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಸುಟ್ಟ ಕೈಗೆ ಪದಕ ಬಂತು. ಕೆಲಸಗಾರನನ್ನು ಅವನ ದಡ್ಡತನದಿಂದಲೇ ಕಾಪಾಡುವುದು ಹೇಗೆ ಎಂದು ಪುಸ್ತಕ ಬರೆದ. ಆಮೇಲೆ ಒಂದು ದೀಪ ಮಾಡಿದ. ಅದಕ್ಕೆ ಒಳಗೇ ಬೀಗ. ದೊಡ್ಡ ಅಯಸ್ಕಾಂತದ ಮೇಲೆ ಇಟ್ಟರೆ ಮಾತ್ರ ಬಿಚ್ಚುತ್ತದೆ. ಕೆಲಸಗಾರ ತಿಪ್ಪರಲಾಗ ಹಾಕಿದರೂ ತೆರೆಯಲಾರ. ಕೂರ್ಬಿಯೆರ್ ದೀಪ ಎಂದು ಅದಕ್ಕೆ ಹೆಸರಾಯಿತು. ದೇಶದ ಬಾವಿಗಳಿಗೆಲ್ಲ ಇಳಿಯಿತು, ಗಡಿ ದಾಟಿ ಬೆಲ್ಜಿಯಮ್ಮಿಗೂ ಹೋಯಿತು. ಅವನು ಶಾಲೆಯಲ್ಲಿ ಪ್ರೊಫೆಸರನಾದ, ಸರ್ಕಾರದ ಗಣಿಗಳ ದೊಡ್ಡ ತಪಾಸಣಾಧಿಕಾರಿಯಾದ. ಪ್ರತಿ ವರ್ಷ ಹೊಸ ಹುಡುಗರಿಗೆ ಮೊದಲ ಪಾಠದಲ್ಲಿ ಫಾವೆರ್ಜೊನ್ ಎಂಬವನ ಕಥೆ ಹೇಳುತ್ತಾನಂತೆ ಎಂದು ಲಾ ವೆರ್ನಾದ್‌ಗೆ ಬಂದ ಹೊಸ ಎಂಜಿನಿಯರುಗಳು ಹೇಳಿದರು. ಅವರಿಗೆ ಫಾವೆರ್ಜೊನ್‌ನ ಹೆಂಡತಿ ಹೊರಗಡೆ ಕಲ್ಲು ಆರಿಸುತ್ತಿದ್ದಾಳೆಂದು ಗೊತ್ತಿರಲಿಲ್ಲ.

ಸ್ಫೋಟವಾಗಿ ಆರು ವರ್ಷವಾದಾಗ, ದೀಪದ ಮನೆಯ ಕುಂಟ ಬಾರೂ ಒಂದು ಭಾನುವಾರ ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಬಂದ. ಬೆನ್ವಾತ್ ಒಬ್ಬಳೇ ಇದ್ದಳು. ಬೇರೆ ಹೆಂಗಸರು ಒಗೆದು ಹೋದ ಮೇಲೆಯೇ ಅವಳು ಬರುತ್ತಿದ್ದದ್ದು. ಬಾರೂ ಒಂದು ಕಾಲನ್ನು ಗಣಿಗೆ ಕೊಟ್ಟು ದೀಪದ ಮನೆಗೆ ಬಂದವನು. ಎಲ್ಲರ ದೀಪಕ್ಕೂ ಬೀಗ ಒತ್ತುತ್ತಿದ್ದವನು ಅವನೇ. ಊರುಗೋಲನ್ನು ತೊಟ್ಟಿಯ ಕಟ್ಟೆಗೆ ಒರಗಿಸಿ ಕೂತ.

"ಪೆತ್ರುಸ್ ದೀಪ ನನ್ ಕೈಗೆ ಬಂದಿತ್ತು," ಅಂದ. "ಬೀಗ ಹಂಗೇ ಇತ್ತು."

ಬೆನ್ವಾತ್ ಹಿಂಡುತ್ತಿದ್ದ ಅಂಗಿಯನ್ನು ಹಿಂಡುತ್ತಲೇ ಇದ್ದಳು.

"ನಾನೇ ಕತ್ತರ್ಸಿದ್ದು. ಎಂಜಿನಿಯರ್ ಪಕ್ಕದಲ್ಲೇ ನಿಂತಿದ್ರು. ತೆಗಿ ಬಾರೂ ಅಂದ್ರು, ತೆಗ್ದೆ. ಒಳಗಡೆ ನೋಡ್ಬೇಕೇನೋ ಅಂದ್ಕೊಂಡೆ. ಆಮೇಲೆ ವರದಿ ಓದಿದ್ರಲ್ಲ, ಅವತ್ತು ಅರ್ಥ ಆಯ್ತು."

"ಚಿಲುಮೆ?"

"ಯಾರ್ದೋ. ಬಟ್ಟೆ ಬದಲಾಯ್ಸೋ ಕೋಣೇಲಿ ಇಪ್ಪತ್ತು ಬಿದ್ದಿರ್ತವೆ."

"ಈಗ್ಯಾಕೆ ಹೇಳ್ತಿದ್ದೀಯ?"

"ಆಗ ಹೇಳಿದ್ರೆ ಅಳಿಯನ ಕೆಲ್ಸ ಹೋಗ್ತಿತ್ತು. ಈಗ ಡಾಕ್ಟ್ರು ನಂಗೆ ಮೂರು ತಿಂಗ್ಳು ಅಂದಿದ್ದಾರೆ." ಬಾರೂ ಅಳುತ್ತಿದ್ದ. "ಬೈಯಮ್ಮ. ಒಂದು ಮಾತು ಬೈದುಬಿಡು."

ಅವಳಿಗೆ ಬೈಗುಳವೇ ಬರಲಿಲ್ಲ. ಒದ್ದೆ ಅಂಗಿಯನ್ನು ಬುಟ್ಟಿಗೆ ಹಾಕಿದಳು. ಅವನ ಊರುಗೋಲನ್ನು ಎತ್ತಿ ಅವನ ಕೈಗೆ ಕೊಟ್ಟಳು. ಮರುದಿನ ಊರಿನ ಮುಖ್ಯಸ್ಥನ ಬಳಿ ಹೋಗಿ ಹೇಳಿದಳು. "ಸಾಕ್ಷಿ ಬರ್ಲಿ," ಅಂದ ಅವನು. ಬಾರೂ ಬರಲಿಲ್ಲ. ಮೂರು ತಿಂಗಳೂ ಬದುಕಲಿಲ್ಲ.

ಸ್ಫೋಟವಾಗಿ ಹತ್ತೊಂಬತ್ತು ವರ್ಷಕ್ಕೆ ಊರಿನಲ್ಲಿ ಸ್ಮಾರಕ ನಿಲ್ಲಿಸಿದರು. ಎರಡಾಳೆತ್ತರದ ಕಲ್ಲು, ಮೇಲೆ ಅರವತ್ತೆರಡು ಹೆಸರು. ಅನಾವರಣಕ್ಕೆ ಪ್ಯಾರಿಸಿನಿಂದ ಕೂರ್ಬಿಯೆರ್ ಬರುವುದೆಂದು ಗೊತ್ತಾಯಿತು. ಅದಕ್ಕೆ ಎರಡು ದಿನ ಮುಂಚೆ ಕಂಪನಿಯ ಗುಮಾಸ್ತ ರಿವೊಲ್ಯೆ ಕುದುರೆ ಲಾಯದ ಬಾಗಿಲಿಗೆ ಬಂದು ಟೊಪ್ಪಿ ತೆಗೆದು ನಿಂತ. ಆ ಬಾಗಿಲಲ್ಲಿ ಯಾರೂ ಎಂದೂ ಟೊಪ್ಪಿ ತೆಗೆದಿರಲಿಲ್ಲ.

"ನಿಮ್ಮ ಅದೃಷ್ಟ ತೆರೀತಮ್ಮ," ಅಂದ. "ಸಾಹೇಬ್ರು ಬರ್ದಿದ್ದಾರೆ. ಅರವತ್ತಮೂರನೇ ಹೆಸ್ರೂ ಕೆತ್ತಿಸ್ಬೇಕು, ಇಷ್ಟು ವರ್ಷದ ಮೇಲೆ ಕ್ಷಮಿಸೋದು ಕ್ರೈಸ್ತ ಧರ್ಮ ಅಂತ. ನೀವು ವೇದಿಕೆ ಮೇಲೆ ಬಂದು ಎರಡು ಮಾತು ಹೇಳ್ಬೇಕು, ಅಷ್ಟೇ. ಆಮೇಲೆ ಸನ್ಯಾಸಿನಿಯರ ಆಶ್ರಮದಲ್ಲಿ ನಿಮ್ಗೊಂದು ಹಾಸಿಗೆ. ಸಾಯೋವರ್ಗೂ ಬಿಸಿ ಸೂಪು."

ಆ ಎರಡು ಮಾತು ಅವನೇ ಬರೆದು ತಂದಿದ್ದ. ಅವಳಿಗೆ ಓದು ಬಾರದು. ಅವನೇ ಹೇಳಿಕೊಟ್ಟ. 'ನನ್ನ ಗಂಡನ ತಪ್ಪಿಗಾಗಿ ಈ ಊರಿನ ವಿಧವೆಯರ ಕ್ಷಮೆ ಬೇಡುತ್ತೇನೆ. ಅವನ ಹೆಸರಿಗೆ ಜಾಗ ಕೊಟ್ಟ ಸಾಹೇಬರ ದೊಡ್ಡ ಮನಸ್ಸಿಗೆ ಋಣಿ.' ಅವಳು ತಪ್ಪಿಲ್ಲದೆ ಒಪ್ಪಿಸಿದಳು. ರಿವೊಲ್ಯೆಗೆ ಖುಷಿಯಾಯಿತು.

ಮೆಲಾನಿಯೂ ಪಟ್ಟಣದಿಂದ ಬಂದಳು. "ಹೇಳ್ಬಿಡವ್ವಾ," ಎಂದು ತಾಯಿಯ ಮಂಡಿ ಹಿಡಿದು ಕೂತಳು. "ಎರಡು ಮಾತು. ನನ್ ಮಕ್ಳಿಗೆ ಅವ್ರ ತಾತ ಯಾರು ಅಂತ ನಾನು ಇವತ್ತಿನವರ್ಗೂ ಹೇಳಿಲ್ಲ. ಕಲ್ಲಿನ್ ಮೇಲೆ ಹೆಸ್ರಿದ್ರೆ ಕೈ ಹಿಡ್ಕೊಂಡು ತೋರಿಸ್ತೀನಿ."

"ನಿಮ್ಮಪ್ಪ ಸೇದ್ತಿರ್ಲಿಲ್ಲ."

"ನಂಗೊತ್ತು. ಗೊತ್ತಿದ್ದು ಏನ್ ಬಂತು? ಸತ್ಯ ಇಟ್ಕೊಂಡು ಈ ಲಾಯದಲ್ಲಿ ಕೊಳೀತಿದ್ದೀಯಲ್ಲ, ಏನ್ ಬಂತು?"

ಮಗಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೆನ್ವಾತ್ ಅವಳ ತಲೆ ಸವರಿದಳು. ಕೂದಲು ಮೆತ್ತಗಿದೆಯೋ ಒರಟಾಗಿದೆಯೋ ಅವಳ ಬೆರಳಿಗೆ ತಿಳಿಯಲಿಲ್ಲ.

ಅನಾವರಣದ ಹಿಂದಿನ ದಿನ ಮಧ್ಯಾಹ್ನ ಅವಳನ್ನು ಕಂಪನಿಯ ಕಚೇರಿಗೆ ಕರೆಸಿದರು. ವೇದಿಕೆಯ ಮೇಲೆ ಅಳುಕಬಾರದೆಂದು ಸಾಹೇಬರೇ ಮೊದಲು ನೋಡಬೇಕೆಂದರಂತೆ. ನೆಲದ ಮೇಲೆ ಜಮಖಾನ ಇತ್ತು. ತನ್ನ ಮರದ ಜೋಡುಗಳನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋದಳು. ಕೂರ್ಬಿಯೆರ್ ಕಿಟಕಿಯ ಹತ್ತಿರ ನಿಂತಿದ್ದ. ದಪ್ಪಗಾಗಿದ್ದ. ಗಡ್ಡ ನೆರೆತಿತ್ತು. ಎಡಗೈಗೆ ಬೂದು ಬಣ್ಣದ ಕೈಗವುಸು.

"ಕೂತ್ಕೊಳ್ಳಿ ಮದಾಮ್ ಫಾವೆರ್ಜೊನ್."

ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವಳನ್ನು ಮದಾಮ್ ಎಂದಿರಲಿಲ್ಲ. ಅವಳು ಕೂರಲಿಲ್ಲ.

"ನಿಮ್ಮ ಗಂಡ ಒಳ್ಳೆ ಕೆಲಸಗಾರ," ಅಂದ. "ನಂಗೆ ಅವ್ನ ಮೇಲೆ ಪ್ರೀತಿ ಇತ್ತು. ನೀವು ನಂಬ್ಬೇಕು."

"ಸಾಹೇಬ್ರೇ, ಒಂದು ಕೇಳ್ಲಾ?"

"ಕೇಳಿ."

"ದೀಪಕ್ಕೆ ಬೀಗ ಇತ್ತಾ, ಇಲ್ವಾ?"

ಕೂರ್ಬಿಯೆರ್ ಕಿಟಕಿಯ ಕಡೆ ತಿರುಗಿದ. ಹೊರಗೆ ಕೇಜಿನ ಚಕ್ರ ತಿರುಗುತ್ತಿತ್ತು. ಅದು ಒಮ್ಮೆ ನಿಂತು ಮತ್ತೆ ತಿರುಗಿತು.

"ಇತ್ತು," ಅಂದ.

ಅವನೇ ಮುಂದುವರಿಸಿದ. "ನಂಗಾಗ ಇಪ್ಪತ್ತೊಂಬತ್ತು. ಇದ್ದದ್ದು ಇದ್ದ ಹಾಗೆ ಬರ್ದಿದ್ರೆ ಬಾವಿ ಮುಚ್ತಿದ್ರು. ಎಂಟುನೂರು ಸಂಸಾರ ಬೀದಿಗೆ ಬೀಳ್ತಿತ್ತು. ಸತ್ತವನಿಗೆ ಹಸಿವಿಲ್ಲ ಅಂದ್ಕೊಂಡೆ. ಆಮೇಲೆ ಆ ದೀಪ ಮಾಡ್ದೆ. ಅದ್ರಿಂದ ಎಷ್ಟು ಜೀವ ಉಳಿದಿದೆ ಗೊತ್ತಾ ನಿಮ್ಗೆ? ಸಾವಿರಾರು. ನಿಮ್ಮ ಗಂಡನ ಹೆಸರು ಸುಮ್ನೆ ಹೋಗ್ಲಿಲ್ಲ."

"ಮದ್ದು ಹಾರಿಸ್ಬೇಡಿ ಅಂತ ಬುಧವಾರ ಹೇಳಿದ್ನಲ್ಲ."

"ಹೇಳಿದ್ದ."

"ಹಂಗಾದ್ರೆ ನಾನು ಯಾರ ಕ್ಷಮೆ ಕೇಳ್ಬೇಕು?"

ಅವನು ಎಡಗೈಯ ಕೈಗವುಸನ್ನು ಎಳೆದು ಸರಿಮಾಡಿಕೊಂಡ. ಮುಖದಲ್ಲಿ ನೋವಿತ್ತು. ಅದು ಸುಳ್ಳು ನೋವಲ್ಲ ಎಂದು ಅವಳಿಗೆ ಕಂಡಿತು. ಹತ್ತೊಂಬತ್ತು ವರ್ಷ ಅವಳು ಇದೇ ಗಳಿಗೆಗಾಗಿ ಕಾದಿದ್ದಳು. ಈ ಮಾತು ಇವನ ಬಾಯಿಂದ ಬಂದರೆ ಎದೆ ಒಡೆದುಕೊಂಡು ಅಳುತ್ತೇನೆ, ಅವನ ಗಡ್ಡ ಹಿಡಿದು ಎಳೆಯುತ್ತೇನೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಹೊಟ್ಟೆಯಲ್ಲಿ ಸ್ವಲ್ಪ ಹಸಿವಾಗುತ್ತಿತ್ತು, ಅಷ್ಟೇ.

"ನಾಳೆ ಆ ಎರಡು ಮಾತು ಹೇಳಿಬಿಡಿ," ಅಂದ ಮೆಲ್ಲಗೆ. "ಇಬ್ಬರಿಗೂ ಹಗುರಾಗುತ್ತೆ."

ಅವಳು ಜೋಡು ಮೆಟ್ಟಿಕೊಂಡು ಹೊರಟಳು.

ಮರುದಿನ ಇಡೀ ಊರು ಸೇರಿತ್ತು. ಬ್ಯಾಂಡು ಇತ್ತು. ಕಪ್ಪು ಬಟ್ಟೆಯ ವಿಧವೆಯರಿಗೆ ಮುಂದಿನ ಎರಡು ಸಾಲು. ಸುತ್ತ ಪೊಲೀಸರು. ಕೂರ್ಬಿಯೆರ್ ಮಾತಾಡಿದ. ಸತ್ತವರ ಧೈರ್ಯ, ವಿಜ್ಞಾನದ ಬೆಳಕು, ಕ್ಷಮೆಯ ದೊಡ್ಡತನ ಎಲ್ಲ ಹೇಳಿದ. ಆಮೇಲೆ ರಿವೊಲ್ಯೆ ಬೆನ್ವಾತ್‌ಳ ಮೊಣಕೈ ಹಿಡಿದು ವೇದಿಕೆಗೆ ಹತ್ತಿಸಿದ. ಕೂರ್ಬಿಯೆರ್ ಬಲಗೈ ಚಾಚಿದ. ಅವಳು ಕೈ ಕೊಡಲಿಲ್ಲ. ಕೆಳಗೆ ಎರಡನೇ ಸಾಲಿನಲ್ಲಿ ಪಿಯೆರೆತ್ ಕಂಡಳು. ಹಿಂದೆ ಮರದ ಕೆಳಗೆ ಮೆಲಾನಿ, ಎರಡೂ ಕೈಯಲ್ಲಿ ಒಂದೊಂದು ಮಗು ಹಿಡಿದುಕೊಂಡು.

ಅವಳ ಮನಸ್ಸಿನಲ್ಲಿ ಸಿಟ್ಟಿರಲಿಲ್ಲ. ಪಟ್ಟಿಯ ಮೇಲೆ ಬರುವ ರಾಶಿಯಲ್ಲಿ ಇದು ಕಲ್ಲು, ಇದು ಇದ್ದಲು ಎಂದು ಕೈ ಹೇಗೆ ತಾನೇ ಬೇರ್ಪಡಿಸುತ್ತದೋ ಹಾಗೆ ಮಾತು ಬಂತು.

"ಇವ್ರು ನಂಗೆ ಎರಡು ಮಾತು ಹೇಳ್ಕೊಟ್ಟಿದ್ದಾರೆ," ಅಂದಳು. "ಅದು ನಾನು ಹೇಳಲ್ಲ. ಪೆತ್ರುಸ್ ದೀಪ ತೆಗೀಲಿಲ್ಲ. ಬೀಗ ಹಾಕಿದ್ದ ಹಾಗೇ ಇತ್ತು. ಮದ್ದು ಹಾರಿಸ್ಬೇಡಿ ಅಂತ ಹಿಂದಿನ ದಿನ ಹೇಳಿದ್ದ. ಸಾಹೇಬ್ರು ಹಾರಿಸಿದ್ರು. ನಿನ್ನೆ ಇವ್ರೇ ನನ್ ಹತ್ರ ಒಪ್ಕೊಂಡ್ರು. ಬೇಕಾದ್ರೆ ಕೇಳಿ, ಇಲ್ಲೇ ನಿಂತಿದ್ದಾರೆ. ನಾನು ಯಾರ ಕ್ಷಮೇನೂ ಕೇಳಲ್ಲ. ಕ್ಷಮಿಸಿ ಕೆತ್ತೋ ಹೆಸ್ರು ನಮ್ಗೆ ಬೇಡ. ನನ್ ಗಂಡನ ಹೆಸ್ರು ಆ ಕಲ್ಲಿನ್ ಮೇಲೆ ಹಾಕ್ಬೇಡಿ."

ಬ್ಯಾಂಡಿನವನೊಬ್ಬನ ಕೈಯಿಂದ ತಾಳ ಜಾರಿತು. ಊರೆಲ್ಲ ಕೂರ್ಬಿಯೆರ್‌ನ ಮುಖ ನೋಡಿತು.

ಒಂದು ಗಳಿಗೆ, ಒಂದೇ ಗಳಿಗೆ, ಅವನ ತುಟಿ ಅಲ್ಲಾಡಿತು. ಆಮೇಲೆ ಅವನು ಬಹಳ ಮೃದುವಾಗಿ, ಎಲ್ಲರಿಗೂ ಕೇಳುವ ಹಾಗೆ ಅಂದ. "ಪಾಪ, ದುಃಖದಲ್ಲಿ ಬುದ್ಧಿ ಸ್ತಿಮಿತ ತಪ್ಪಿದೆ. ಯಾರೂ ಆಕೆಗೆ ತೊಂದರೆ ಕೊಡಬಾರದು."

ಇಬ್ಬರು ಪೊಲೀಸರು ಅವಳ ರಟ್ಟೆ ಹಿಡಿದು ಇಳಿಸಿದರು. ಬ್ಯಾಂಡು ಶುರುವಾಯಿತು. ಮರದ ಕೆಳಗೆ ಮೆಲಾನಿ ಇರಲಿಲ್ಲ. ಆ ದಿನ ಹೋದವಳು ಮತ್ತೆ ಎರಡು ವರ್ಷ ತಾಯಿಯ ಮುಖ ನೋಡಲಿಲ್ಲ.

ಸೋಮವಾರ ಬೆನ್ವಾತ್ ಕೆಲಸ ಹೋಯಿತೆಂದುಕೊಂಡೇ ಚಪ್ಪರಕ್ಕೆ ಹೋದಳು. ಮೇಸ್ತ್ರಿ ಶೊಮಾ ಅವಳನ್ನು ಮೇಲಿನಿಂದ ಕೆಳಗೆ ನೋಡಿ ಹಲ್ಲು ಕಿರಿದ. "ಬಾ, ಹುಚ್ಚವ್ವ. ಹೆದರ್ಬೇಡ. ಬುದ್ಧಿ ಇಲ್ದೋಳ ಹೊಟ್ಟೆ ಮೇಲೆ ಹೊಡೀಬೇಡಿ ಅಂತ ಸಾಹೇಬ್ರೇ ಹೇಳ್ಹೋಗಿದ್ದಾರೆ. ಎಂಥಾ ಮನುಷ್ಯ ನೋಡು."

ಬೈದು ಓಡಿಸಿದ್ದರೆ ಅವಳ ಮಾತು ಮಾತಾಗಿ ಉಳಿಯುತ್ತಿತ್ತು. ದಯೆ ತೋರಿಸಿ ಕೂರ್ಬಿಯೆರ್ ಅದನ್ನೂ ಹೂತುಹಾಕಿದ್ದ.

ಅವಳು ತನ್ನ ಜಾಗದಲ್ಲಿ ನಿಂತಳು. ಪಟ್ಟಿ ಸರಿಯಿತು. ಮಧ್ಯಾಹ್ನದ ಬಿಡುವಿನಲ್ಲಿ ಚಪ್ಪರದ ಆ ಕೊನೆಯಿಂದ ಪಿಯೆರೆತ್ ಎದ್ದು ಬಂದಳು. ಬಂದು ಎದುರಿಗೆ ನಿಂತಳು.

"ಅತ್ಗೆ. ಅವ್ನು ನಿಜ್ವಾಗ್ಲೂ ಒಪ್ಕೊಂಡ್ನಾ?"

"ಹೂಂ."

"ಏನಂದ?"

"ಇತ್ತು ಅಂದ."

"ಅಷ್ಟೇನಾ?"

"ಅಷ್ಟೇ."

ಪಿಯೆರೆತ್ ಅಲ್ಲೇ ಇದ್ದಲಿನ ಪುಡಿಯ ಮೇಲೆ ಕುಸಿದಳು. "ನಾನು ಅಣ್ಣನ ಗೋರಿಗೆ ಒಂದು ಹಿಡಿ ಮಣ್ಣು ಹಾಕ್ಲಿಲ್ಲ ಕಣೇ," ಎಂದು ಬಾಯಿ ಬಡಿದುಕೊಂಡು ಅತ್ತಳು. "ನಿನ್ ಮುಖಕ್ಕೆ ಉಗ್ದೆ ಕಣೇ ನಾನು." ಬೆನ್ವಾತ್ ಕೈಯಲ್ಲಿದ್ದ ರೊಟ್ಟಿ ಮುರಿದು ಅರ್ಧ ಅವಳಿಗೆ ಕೊಟ್ಟಳು. ಬೆನ್ವಾತ್‌ಳ ಕಣ್ಣು ಒಣಗಿಯೇ ಇತ್ತು.

ಊರು ಪೂರ್ತಿ ನಂಬಿತು ಎಂದೇನಲ್ಲ. ಕೆಲವರು ಹುಚ್ಚಿ ಎಂದರು. ಕೆಲವರು ಮುದುಕ ಬಾರೂ ಹಿಂದೊಮ್ಮೆ ಕುಡಿದಾಗ ಏನೋ ಬಡಬಡಿಸಿದ್ದನ್ನು ನೆನಪಿಸಿಕೊಂಡರು. ಬಾವಿಯೊಳಗೆ ಆ ಬೈಗುಳ ಮಾತ್ರ ಕಡಿಮೆಯಾಯಿತು. ಕಲ್ಲಿನ ಮೇಲೆ ಅರವತ್ತೆರಡೇ ಹೆಸರು ಉಳಿದವು. ಪ್ಯಾರಿಸಿನ ಶಾಲೆಯಲ್ಲಿ ಮೊದಲ ಪಾಠ ಬದಲಾಗಲಿಲ್ಲ.

ನಾಲ್ಕು ವರ್ಷದ ಮೇಲೆ, ಒಂದು ಫೆಬ್ರವರಿಯಲ್ಲಿ, ಕೂರ್ಬಿಯೆರ್ ಸತ್ತ. ಪ್ಯಾರಿಸಿನಲ್ಲಿ ಸಕಲ ಗೌರವಗಳೊಂದಿಗೆ ಮೆರವಣಿಗೆಯಂತೆ. ಮಂತ್ರಿಗಳು ಹೆಣದ ಹಿಂದೆ ನಡೆಯುತ್ತಾರಂತೆ. ಕಂಪನಿಯ ಬಾವಿಗಳಲ್ಲೆಲ್ಲ ಆ ದಿನ ಹನ್ನೊಂದು ಗಂಟೆಗೆ ಐದು ನಿಮಿಷ ಕೆಲಸ ನಿಲ್ಲಿಸಬೇಕು, ಎಲ್ಲರೂ ಟೊಪ್ಪಿ ತೆಗೆದು ತಲೆಬಾಗಿ ನಿಲ್ಲಬೇಕು ಎಂದು ಹುಕುಂ ಬಂತು. ಸತ್ತ ಅರವತ್ತಮೂರು ಜನರಿಗೆ ಬಾವಿ ಐದು ನಿಮಿಷ ನಿಂತಿರಲಿಲ್ಲ. ಸ್ಫೋಟದ ದಿನ ಅದು ನಿಂತದ್ದು ಬೆಂಕಿಗೆ, ಅವರಿಗಲ್ಲ.

ಹನ್ನೊಂದಕ್ಕೆ ಸೀಟಿ ಕೂಗಿತು. ಕೇಜಿನ ಚಕ್ರ ನಿಂತಿತು. ಉಗಿಯಂತ್ರ ನಿಂತಿತು. ಪಟ್ಟಿ ಒಮ್ಮೆ ಜಗ್ಗಿ ಸ್ತಬ್ಧವಾಯಿತು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬದುಕಿದವರಿಗೆ ಕಿವಿ ಕಿತ್ತುಹೋದಂತಾಯಿತು. ಅಂಗಳದಲ್ಲಿ ಗಂಡಸರು ಟೊಪ್ಪಿ ತೆಗೆದರು. ಚಪ್ಪರದಲ್ಲಿ ಹೆಂಗಸರು ಕೈ ಕಟ್ಟಿ ತಲೆಬಾಗಿದರು. ಶೊಮಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

ಬೆನ್ವಾತ್‌ಳ ಮುಂದೆ ನಿಂತ ಪಟ್ಟಿಯ ಮೇಲೆ ರಾಶಿ ಬಿದ್ದಿತ್ತು. ಅವಳು ಒಂದು ಕಲ್ಲು ಹೆಕ್ಕಿದಳು. ತೊಟ್ಟಿಗೆ ಎಸೆದಳು.

ಠಣ್.

ಆ ಮೌನದಲ್ಲಿ ಅದು ಅಂಗಳದಾಚೆಗೂ ಕೇಳಿತು. ತಲೆಗಳು ಎದ್ದವು.

"ಏಯ್," ಎಂದು ಶೊಮಾ ಹಲ್ಲು ಕಚ್ಚಿ ಪಿಸುಗುಟ್ಟಿದ. "ಕೈ ನಿಲ್ಸೇ ಹುಚ್ಚಿ."

ಅವಳು ಇನ್ನೊಂದು ಎಸೆದಳು. ಠಣ್. ಕೈಗೆ ಅದೇನೂ ತಿಳಿಯುತ್ತಿರಲಿಲ್ಲ. ಕಣ್ಣು ತೋರಿಸಿದ್ದನ್ನು ಕೈ ಹೆಕ್ಕುತ್ತಿತ್ತು. ಶೊಮಾ ಮುಂದೆ ಬಂದು ಅವಳ ಮಣಿಕಟ್ಟು ಹಿಡಿದ. ಅವಳು ಅವನ ಮುಖ ನೋಡಿದಳು.

"ಬಿಡು," ಅಂದಳು. "ನಾನು ನಿಲ್ಲಲ್ಲ."

ಅಷ್ಟರಲ್ಲಿ ಪಕ್ಕದಿಂದಲೇ ಇನ್ನೊಂದು ಸದ್ದು ಬಂತು. ನಾಲ್ಕು ವರ್ಷದಿಂದ ಅವಳ ಪಕ್ಕದಲ್ಲೇ ನಿಲ್ಲುತ್ತಿದ್ದ ಪಿಯೆರೆತ್ ಬಗ್ಗಿ ಕಲ್ಲು ಆರಿಸುತ್ತಿದ್ದಳು. ಅವಳಾಚೆ ಇನ್ನೊಬ್ಬಳು, ಗಂಡನನ್ನು ಅದೇ ಸುರಂಗದಲ್ಲಿ ಕಳೆದುಕೊಂಡವಳು, ಕಟ್ಟಿದ್ದ ಕೈ ಬಿಚ್ಚಿದಳು. ಶೊಮಾ ಮಣಿಕಟ್ಟು ಬಿಟ್ಟು ಅತ್ತ ಓಡಿದ. ಅವನು ಅತ್ತ ಹೋದರೆ ಇತ್ತ, ಇತ್ತ ಬಂದರೆ ಅತ್ತ. ಎಲ್ಲರೂ ಸೇರಲಿಲ್ಲ. ಹದಿಮೂರು ಹದಿನಾಲ್ಕು ಹೆಂಗಸರು ಸೇರಿದ್ದಿರಬಹುದು. ಯಾರೂ ಕೂಗಲಿಲ್ಲ, ಯಾರೂ ಅಳಲಿಲ್ಲ. ಸುಮ್ಮನೆ ಕೆಲಸ ಮಾಡಿದರು.

ಅಂಗಳದಲ್ಲಿ ಒಬ್ಬ ಮುದಿ ಗಣಿಗಾರ ತೆಗೆದ ಟೊಪ್ಪಿಯನ್ನು ಒಮ್ಮೆ ನೋಡಿ, ಮತ್ತೆ ತಲೆಯ ಮೇಲೆ ಇಟ್ಟುಕೊಂಡ.

ಸೀಟಿ ಕೂಗುವ ಹೊತ್ತಿಗೆ ತೊಟ್ಟಿ ಅರ್ಧ ತುಂಬಿತ್ತು.